ಹದಿನೇಳು ಹರಳು

ಅಂತಿಮ ವರ್ಷದ ಪ್ರಾಜೆಕ್ಟು:
ಮಲ್ಲಾಪುರದ ಗುಡ್ಡದಲ್ಲಿ ಮಕ್ಕಳಿಗೊಂದು ಓದುವ ಮನೆ.
ಬಳ್ಳಾರಿಯಿಂದ ಮೊದಲ ಬಸ್ಸು, ಗಂಗಾವತಿಯಲ್ಲಿ ಇಳಿದು ಟಂಟಂ,
ಬಗಲಲ್ಲಿ ಟೇಪು, ಚೀಲದಲ್ಲಿ ಒಗ್ಗರಣೆ ಮಂಡಾಳು,
ತಲೆಯಲ್ಲಿ ಆಗಲೇ ಕಟ್ಟಿ ಮುಗಿದ ಕಟ್ಟಡ:
ಮೂರು ಕಮಾನು, ಗಾಜಿನ ಗೋಡೆ,
ಗುಡ್ಡದ ನೆತ್ತಿಗೊಂದು ತುರಾಯಿ.

ಗುಡ್ಡ ನನ್ನನ್ನು ನೋಡಲಿಲ್ಲ.
ಬಂಡೆಯ ಮೇಲೆ ಬಂಡೆ, ಅದರ ಮೇಲೊಂದು ಬಂಡೆ,
ಈಗ ಬಿದ್ದೆ ಈಗ ಬಿದ್ದೆ ಎನ್ನುತ್ತ
ಯಾವ ಕಾಲದಿಂದಲೋ ಬೀಳದೆ.
ನಡುವೆ ಆಡಿನ ಮರಿ ನುಸುಳುವಷ್ಟೇ ಕತ್ತಲು.
ಲೆವೆಲ್ ಪೈಪಿನ ನೀರು ಎಲ್ಲಿ ಹಿಡಿದರೂ
ನಾನೇ ಸೊಟ್ಟ ಎಂದಿತು.
ಅಪ್ಪ ಸಿಂಧನೂರಿನಲ್ಲಿ ಟೈಲ್ಸ್ ಕೂರಿಸುತ್ತಾನೆ;
ನಮ್ಮ ಮನೆಯಲ್ಲಿ ಸೊಟ್ಟ ಎಂಬುದು ಬೈಗುಳ.

ಆಡು ಕಾಯುವ ಹುಲಿಗೆವ್ವ ಟೇಪಿನ ಇನ್ನೊಂದು ತುದಿ ಹಿಡಿದಳು.
ಹಿಡಿದವಳು ಸುಮ್ಮನಿರಲಿಲ್ಲ.
“ಅದನ್ನ ಅಳಿಬ್ಯಾಡವ್ವಾ, ಅದು ಉಡದ ಮನಿ.
ಇದು ದೊಣಿ. ಮಳಿ ನೀರು ಶೀಗಿ ಹುಣ್ಣಿವಿ ತನಕ ನಿಂದರತೈತಿ.
ಇಲ್ಲಿ ಗ್ವಾಡಿ ಎಬ್ಬಿಸಿದ್ರ ಗಾಳಿ ಎಲ್ಲಿಂದ ಹೋಗಬೇಕು,
ನಿನ್ನ ತಲಿ ಮ್ಯಾಲಿಂದೇನು?”
ನಕ್ಕೆ.
ಆಮೇಲೆ ಬರೆದುಕೊಂಡೆ.

ನಡುಹಗಲು.
ನೆರಳಿನ ಲೆಕ್ಕಕ್ಕೆ ಫೋನಿನಲ್ಲೊಂದು ಆ್ಯಪು ಇತ್ತು,
ಸಿಗ್ನಲ್ಲು ಇರಲಿಲ್ಲ.
ಆಡುಗಳು ಒಂದೊಂದಾಗಿ ಹೋಗಿ ಎಲ್ಲಿ ಮಲಗಿದವೋ
ಅವುಗಳ ಸುತ್ತ ಸುಣ್ಣದ ಗೆರೆ ಎಳೆದೆ.
ವಕ್ರವಕ್ರ, ಹೊಟ್ಟೆ ಹೊಟ್ಟೆಯಾಗಿ:
ಅದೇ ಓದುವ ಕೋಣೆ.
ಬಾಗಿಲು, ಮೊದಲು ಎದ್ದ ಹೋತ ಹೊರಟ ಕಡೆಗೆ.

ಸಂಜೆ ಬಂಡೆಗೆ ಬೆನ್ನು ಕೊಟ್ಟೆ, ಕಾದ ಹೆಂಚು.
“ಹಗಲೆಲ್ಲ ಕುಡಿದದ್ದನ್ನ ಈಗ ಉಗುಳತೈತಿ.
ಮಕ್ಕಳು ಮುಂಜಾನಿ ಓದಲಿ,
ಸಂಜಿ ಮುಂದ ಕಲ್ಲು ಮಾತಾಡಲಿ.”

ಹಾಸ್ಟೆಲ್ಲಿನಲ್ಲಿ ಮೊದಲು ಕಮಾನುಗಳು ಹೋದವು.
ಗಾಜು ಹೋಗಲು ಎರಡು ರಾತ್ರಿ ಬೇಕಾಯಿತು,
ಅದರ ಮೇಲೆ ಆಸೆಯಿತ್ತು.
ದೊಣೆಯನ್ನು ಬಳಸಿ ಬಾಗಿತು ಗೋಡೆ,
ಉಡದ ಮನೆಗೆ ಒಂದು ಮಾರು ಜಾಗ ಬಿಟ್ಟು.
ಚಾವಣಿಗೆ ಕಂಬವಿಲ್ಲ, ಬಂಡೆಯ ಹೆಗಲಿದೆ.
ಮಾದರಿಗೆಂದು ಗುಡ್ಡದಿಂದ ತಂದ ಹರಳು ಹದಿನೇಳು;
ತರುವಾಗ ಅವಳು ಒಂದೇ ಮಾತು ಹೇಳಿದ್ದಳು:
“ತಿರುಗಿ ತಂದಿಡು.”

ಪರೀಕ್ಷಕರು ಕನ್ನಡಕ ಒರೆಸಿಕೊಂಡು ಬಗ್ಗಿದರು.
“ಎಲ್ಲಮ್ಮಾ ಕಟ್ಟಡ?”
ತೋರಿಸಿದೆ. ಮತ್ತೆ ತೋರಿಸಿದೆ.
“ಚೆನ್ನಾಗಿದೆ. ಆದರೆ ಪಾರ್ಕಿಂಗು?
ಇದೊಂದು ಬಂಡೆ ತೆಗೆದರೆ ಆರು ಕಾರು ನಿಲ್ಲುತ್ತವೆ.”
ಎನ್ನುತ್ತ ಎರಡೇ ಬೆರಳಲ್ಲಿ
ಮೆಲ್ಲಗೆ, ಪ್ರೀತಿಯಿಂದಲೇ,
ಎತ್ತಿದರು.

ಚಾವಣಿ ಕೂತುಬಿಟ್ಟಿತು.
ಸದ್ದೇನೂ ಬರಲಿಲ್ಲ, ರಟ್ಟು ತಾನೆ.
ಯಾರೋ ಹಿಂದೆ ಕೆಮ್ಮಿದರು.
ಅವರು ಹರಳನ್ನು ಅಂಗೈಯಲ್ಲಿ ಹೊರಳಿಸಿ ನೋಡುತ್ತ
ತುಂಬ ಹೊತ್ತು ಏನೂ ಕೇಳಲಿಲ್ಲ.
ಐವತ್ತೆಂಟು ಅಂಕ.

ಮೇ ತಿಂಗಳಲ್ಲಿ ಮತ್ತೆ ಟಂಟಂ.
ಕರವಸ್ತ್ರ ಬಿಚ್ಚಿ ಹರಳುಗಳನ್ನು ದೊಣೆಯ ಅಂಚಿಗೆ ಸುರಿದೆ;
ಕ್ಷಣದಲ್ಲೇ ನನ್ನವು ಯಾವು, ಗುಡ್ಡದವು ಯಾವು
ನನಗೇ ತಿಳಿಯದೆ ಹೋಯಿತು.
ನಾನು ಕಟ್ಟಿದ್ದರಲ್ಲಿ ನಿಂತದ್ದು ಇಷ್ಟೇ ಎನಿಸಿ
ಸಮಾಧಾನದಿಂದ ಏಳುತ್ತಿದ್ದೆ.

ಹುಲಿಗೆವ್ವ ಕುಕ್ಕರಗಾಲಲ್ಲಿ ಕೂತು
ಸಂಜೆ ಆಡು ಎಣಿಸುವಂತೆ ಬೆರಳು ಆಡಿಸಿದಳು.
“ಒಂದು ಕಡಿಮಿ ಐತಿ.”

ಹೌದು.
ಅದು ಬಳ್ಳಾರಿಯಲ್ಲಿ, ಪರೀಕ್ಷಕರ ಮೇಜಿನ ಮೇಲೆ,
ಫ್ಯಾನಿನ ಗಾಳಿಗೆ ಯಾರದೋ ನಕ್ಷೆ ಹಾರದಂತೆ
ಒತ್ತಿ ಹಿಡಿದು ಕೂತಿದೆ.