ಚಕ್ಕುಬಂದಿ

ತಿಂಗಳ ಕೊನೆಯ ಶುಕ್ರವಾರ
ಅಡುಗೆಮನೆಯ ಮೇಜಿನ ಮೇಲೆ ಐದು ಲಕೋಟೆ.
ಬಾಡಿಗೆ. ಕೌನ್ಸಿಲ್ ಟ್ಯಾಕ್ಸ್. ಮೀಟರು. ಬಸ್ಸು.
ಐದನೆಯದರ ಮೇಲೆ ಗುರುಪಾದ
ಪೆನ್ಸಿಲಿನಲ್ಲಿ ಬರೆದಿದ್ದ: ಸುಮ್ಮನೆ.

ಸುಮ್ಮನೆ ಅಂದರೆ ಯಾತಕ್ಕೆ? ಕೇಳಿದೆ.
'ಸುಮ್ಮನ ಅಂದ್ರ ಸುಮ್ಮನ.
ಹೆಸರಿಟ್ರ ಖರ್ಚಾಗತೈತಿ.'

ಹಂಬರ್ ನದಿಯ ಕಡೆಯಿಂದ ಗಾಳಿ.
ಹಲ್ ಊರಿನ ಈ ಎರಡನೇ ಮಹಡಿಯಲ್ಲಿ
ಕಿಟಕಿಯ ಸಂದಿಗೆ ಹಳೆಯ ಕಾಲುಚೀಲ ತುರುಕಿ
ಕರೆಂಟನ್ನು ಕೀಲಿಯಲ್ಲಿ ತುಂಬಿಸಿ ತರುತ್ತಿದ್ದೆವು.
ನೀಲಿ ಪ್ಲಾಸ್ಟಿಕ್ಕಿನ ಕೀಲಿ; ಮೂಲೆ ಅಂಗಡಿಯಲ್ಲಿ
ಹತ್ತು ಪೌಂಡು ಕೊಟ್ಟರೆ ಹತ್ತು ಪೌಂಡಿನ ಬೆಳಕು.
ಮುಗಿದರೆ ಮೀಟರೇ ಐದು ಪೌಂಡು ಕಡ ಕೊಡುತ್ತಿತ್ತು.
ಈ ದೇಶದಲ್ಲಿ ಸಹಿ ಕೇಳದೆ ನಮ್ಮನ್ನು ನಂಬಿದ್ದು
ಗೋಡೆಗೆ ಅಂಟಿಕೊಂಡ ಆ ಪೆಟ್ಟಿಗೆಯೊಂದೇ.
ಮರುದಿನ ಕೀಲಿ ತೂರಿಸಿದ ಕೂಡಲೆ
ಮಾತಿಲ್ಲದೆ ವಸೂಲಿ.

ನನಗೆ ರಾತ್ರಿ ಪಾಳಿ, ಮುದುಕರ ಆರೈಕೆಮನೆ.
ಅವನಿಗೆ ಹಗಲು, ಕ್ಯಾರವಾನ್ ಕಾರ್ಖಾನೆ:
ಗಾಲಿಯಿರುವ ಮನೆಗಳಿಗೆ ಕಿಟಕಿ ಕೂರಿಸಿ ಕೂರಿಸಿ
ತನ್ನದಲ್ಲದ ಕಿಟಕಿಗೆ ವಾಪಸು ಬರುತ್ತಿದ್ದ.
ನಾನು ಎದ್ದ ಹಾಸಿಗೆಯ ಬಿಸಿಯೊಳಗೆ ಜಾರಿಕೊಂಡು
'ಹೀಟರ್ ಉಳೀತು' ಅನ್ನುತ್ತಿದ್ದ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದರು ಹಿರಿಯರು.
ಹಾಸಿಗೆ ಮಾಲೀಕರ ಪಟ್ಟಿಯಲ್ಲಿತ್ತು,
ಸಾಲು ಹನ್ನೊಂದು: ಡಬಲ್, ಒಂದು, ಸ್ವಲ್ಪ ಕಲೆ.
ಕಾಲು ಮಾತ್ರ ನಮ್ಮವು.

ಸಂಜೆ ಏಳೂವರೆಗೆ ಹಳದಿ ಚೀಟಿ ಅಂಟಿಸುವ ಹುಡುಗ
ನನ್ನನ್ನು ಕಂಡರೆ ತರಕಾರಿ ಕಡೆ ಕಣ್ಣು ಮಿಟುಕಿಸುತ್ತಿದ್ದ.
ಇಪ್ಪತ್ತು ಪೆನ್ನಿಗೆ ಒಂದು ಹೂಕೋಸು, ಅಂಚು ಕಂದು.
ಸಾಸಿವೆ ಸಿಡಿದ ಮೇಲೆ ಯಾರಿಗೆ ಗೊತ್ತಾಗುತ್ತದೆ?
ಉಳಿದ ಎಂಬತ್ತು ಪೆನ್ನಿ ಐದನೇ ಲಕೋಟೆಗೆ.
ಮಾಡದ ಖರ್ಚೆಲ್ಲ ಗಳಿಕೆಯೆಂದು
ನಂಬಿಕೊಂಡ ಚಳಿಗಾಲ ಅದು.

ಜನವರಿಯಲ್ಲಿ, ನನ್ನ ರಜೆಯ ರಾತ್ರಿ,
ಕೆಳಮನೆಯ ಮೇವಿಸ್ ಬಾಗಿಲು ತಟ್ಟಿದಳು.
ಕೋಟಿನ ಮೇಲೆ ಕೋಟು, ಕೈಯಲ್ಲಿ ಅದೇ ನೀಲಿ ಕೀಲಿ.
ಏನೂ ಕೇಳಲಿಲ್ಲ. ಹವೆಯ ಬಗ್ಗೆ ಮಾತಾಡಿದಳು.
ಗುರುಪಾದ ಬೂಟು ಮೆಟ್ಟಿ, ಕೀಲಿ ಇಸಿದುಕೊಂಡು
ಮೂಲೆ ಅಂಗಡಿಗೆ ಹೋಗಿಬಂದ.
ಲಕೋಟೆಯಲ್ಲಿ ಹದಿನೈದು ಕಡಿಮೆ.
ಯಾತಕ್ಕೆಂದು ಬರೆಯಲಿ? ಅಂದೆ.
'ಆಗ್ಲೇ ಬರದೈತಲ್ಲ.'

ಮುಂದಿನ ವಾರ ಅವಳು ತಂದದ್ದು ಹಣವಲ್ಲ,
ತೀರಿಹೋದ ಗಂಡನ ಪೆಟ್ಟಿಗೆಯಿಂದ
ಒಂದು ಹಿತ್ತಾಳೆ ಮೊಳೆ, ಒಂದು ಸುತ್ತಿಗೆ.
ನಮ್ಮ ಕ್ಯಾಲೆಂಡರು ಫ್ರಿಜ್ಜಿಗೆ ಒರಗಿ
ವರ್ಷವಿಡೀ ಜಾರಿ ಬೀಳುತ್ತಿದ್ದುದನ್ನು ನೋಡಿದ್ದಳು.
ಕರಾರಿನಲ್ಲಿ ಬೇಡವೆಂದಿದೆ, ಎಂದೆ.
ಗೋಡೆ ಇರುವುದೇ ಮೊಳೆಗೆ, ಎಂದಳು.
ಮೂರು ಪೆಟ್ಟು. ಏಕಾದಶಿ, ಅಮಾವಾಸ್ಯೆ, ಬಾಡಿಗೆಯ ದಿನ
ಎಲ್ಲ ನೆಟ್ಟಗೆ ನಿಂತವು.

ಜೂನಿನಲ್ಲಿ ಬಾಡಿಗೆ ಏರಿತು.
ಸಾಮಾನು ಕಟ್ಟಿದೆವು. ಓವನ್ನಿಗೆ ವಿನೆಗರ್ ಸುರಿದು
ಮಂಡಿಯೂರಿ ಉಜ್ಜಿದೆವು. ಏಜೆನ್ಸಿಯ ಟ್ರೇಸಿ
ಫೋನು ಹಿಡಿದು ಬಂದಳು; ಹಾಸಿಗೆ ಸರಿ, ಓವನ್ ಸರಿ,
ಗೋಡೆಯ ಮುಂದೆ ನಿಂತಳು.

ಠೇವಣಿಯಲ್ಲಿ ಮುರಿದುಕೊಂಡದ್ದು:
ತೂತು ಒಂದು, ಮೂವತ್ತೈದು ಪೌಂಡು.

ಗುರುಪಾದ ತಕರಾರು ಬರೆಯಲು ಕೂತ.
ಬೇಡ ಬಿಡು, ಅಂದೆ.
ಲೆಕ್ಕದ ಪುಸ್ತಕದಲ್ಲಿ ಖರ್ಚಿನ ಕಡೆ ಬರೆಯದೆ
ಪುಟ ತಿರುಗಿಸಿದೆ. ಆಸ್ತಿ, ಎಂದು ಬರೆದೆ,
ಅಪ್ಪ ಓದಿಸುತ್ತಿದ್ದ ಕ್ರಯಪತ್ರದ ಧಾಟಿಯಲ್ಲೇ:

ಹಲ್ ಊರು, ಎರಡನೇ ಮಹಡಿ.
ಅಗಲ ಹೆಸರುಕಾಳಿನಷ್ಟು, ಆಳ ಒಂದು ಬೆರಳುಗೆಣ್ಣು.
ಮೇಲೆ ಬೂಷ್ಟಿನ ಕಲೆ, ಕೆಳಗೆ ತಣ್ಣನೆಯ ಹೀಟರು,
ಎಡಕ್ಕೆ ಕಾಲುಚೀಲದ ಕಿಟಕಿ,
ಬಲಕ್ಕೆ ಯಾರದೋ ಮುಂದಿನ ಬಾಡಿಗೆ.
ಈ ಚಕ್ಕುಬಂದಿಯೊಳಗಿನ ಸ್ವತ್ತಿಗೆ
ಪೂರ್ತಿ ಹಣ ಸಂದಾಯವಾಗಿದೆ.

ಅವರು ಅದಕ್ಕೆ ಸುಣ್ಣ ಮೆತ್ತಿರಬಹುದು ಇಷ್ಟರಲ್ಲಿ.
ಮೊಳೆಯನ್ನು ಕಿತ್ತು ತಂದಿದ್ದೇನೆ,
ಐದನೇ ಲಕೋಟೆಯಲ್ಲಿದೆ.
ಸುಮ್ಮನೆ.