ನೂರ ಹನ್ನೆರಡನೆಯ ಪುಟ

ಈ ಪುಸ್ತಕ ಕೊಡುತ್ತೇನೆ, ತೆಗೆದುಕೊಂಡು ಹೋಗು.
ರಟ್ಟು ಹೋಗಿದೆ. ಬೆನ್ನು ಹೊಲಿದದ್ದು
ಬೀಡಿಯ ಕೆಂಪು ನೂಲಿನಲ್ಲಿ.
ಮೂಸಬೇಡ ಅಂದರೂ ಮೂಸುತ್ತಿ, ಗೊತ್ತು.
ಹೊಗೆಸೊಪ್ಪು.
ಇಪ್ಪತ್ತೆಂಟು ವರ್ಷವಾದರೂ ಬಿಟ್ಟಿಲ್ಲ.

ಕುಲಶೇಖರದ ಇಳಿಜಾರಿನಲ್ಲಿ ದೇಯಕ್ಕನ ಜಗಲಿ.
ಗಂಜಿ ಉಂಡು ಕೈ ಒರೆಸಿಕೊಂಡು
ಐದು ತಡ್ಪೆ ಸೇರುತ್ತಿದ್ದವು ಅಲ್ಲಿ:
ದೇಯಕ್ಕ, ವಾರಿಜ, ಸಿಸಿಲಿಯಾ ಬಾಯಿ, ಬೀಫಾತುಮ್ಮ,
ಮತ್ತೆ ವಾರಿಜನ ಅತ್ತೆ. ಅವರಿಗೂ ಒಂದು ಹೆಸರಿತ್ತು,
ಯಾರೂ ಕರೆಯುತ್ತಿರಲಿಲ್ಲ.
ನಾನು ಕಾಲೇಜು ಮುಗಿಸಿ ಕೆಲಸ ಸಿಗದ ಇಪ್ಪತ್ತರ ಹುಡುಗಿ.
ಕಟ್ಟಿದ ಬೀಡಿಯೆಲ್ಲ ಬ್ರಾಂಚಿನಿಂದ ವಾಪಸು ಬರುತ್ತಿತ್ತು.

"ನೀನು ಓದು ಮಾರಾಯ್ತಿ, ಅದಾದರೂ ಬರುತ್ತದಲ್ಲ"
ಅಂದಳು ದೇಯಕ್ಕ.
ಸಂಜೆ ಲೆಕ್ಕಕ್ಕೆ ಕೂತಾಗ ಒಬ್ಬೊಬ್ಬರೂ
ಒಂದೊಂದು ಕಟ್ಟು ನನ್ನ ಕಡೆ ಸರಿಸಿದರು.
ಆಮೇಲೆ ಎಷ್ಟೋ ಸಂಬಳ ಎಣಿಸಿದ್ದೇನೆ,
ಅಷ್ಟು ಮರ್ಯಾದೆಯದ್ದು ಇನ್ನೂ ಸಿಕ್ಕಿಲ್ಲ.

ಸಿಸಿಲಿಯಾ ಬಾಯಿಯ ತಮ್ಮ ಬಂದರಿನ ಗುಜರಿಯಲ್ಲಿದ್ದ,
ಕಾದಂಬರಿಗಳನ್ನು ಕಿಲೋ ಲೆಕ್ಕದಲ್ಲಿ ತರುತ್ತಿದ್ದ.
ನಾವು ಓದಿದ್ದಕ್ಕೆ ತೂಕ ಇತ್ತು, ಸುಳ್ಳಲ್ಲ.

ಪುಸ್ತಕದ ಕನ್ನಡ ಇಸ್ತ್ರಿ ಅಂಗಿ ಹಾಕಿಕೊಂಡು ಬರುವುದು,
ವಾರಿಜ ಅದನ್ನು ತುಳುವಿನಲ್ಲಿ ಚಾಪೆಯ ಮೇಲೆ ಕೂರಿಸುವುದು,
ಸಿಸಿಲಿಯಾ ಬಾಯಿ ಕೊಂಕಣಿಯಲ್ಲಿ ನಿಟ್ಟುಸಿರು ಬಿಡುವುದು.
ಬೀಫಾತುಮ್ಮ ನಾಯಕನಿಗೆ ನೇರ ಬ್ಯಾರಿಯಲ್ಲೇ ಬೈಯುವಳು:
ಒಂದು ಕಾಗದ ಬರೆಯಲು ಕೈ ಇಲ್ಲವಾ ಅವನಿಗೆ?
ಇರಲಿಲ್ಲ. ಹದಿನಾಲ್ಕು ಅಧ್ಯಾಯ.

ದೇಯಕ್ಕನಿಗೆ ಅಕ್ಷರ ಬಾರದು.
ಆದರೆ ಬರೀ ವರ್ಣನೆ ಅಂತ ನಾನು ಎರಡು ಪ್ಯಾರಾ ಹಾರಿಸಿದರೆ
ಅವಳ ಕತ್ತರಿ ನಿಲ್ಲುತ್ತಿತ್ತು.
"ಈಗ ಬಾಗಿಲಲ್ಲಿ ಇದ್ದಳು, ಆಗಲೇ ತೋಡಿನ ಹತ್ತಿರ ಹೇಗೆ ಹೋದಳು?
ನಡುವೆ ದಾರಿ ಉಂಟಲ್ಲ, ಅದನ್ನು ಓದು."
ಓದಿದೆ. ದಾರಿಯಲ್ಲಿ ಏನೂ ಆಗುವುದಿಲ್ಲ.
ಒಂದು ಬೇಲಿ. ಬೇಲಿಯ ಮೇಲೆ ಒಣಗಲು ಹಾಕಿದ ಸೀರೆ.
ದೇಯಕ್ಕ ಅದನ್ನೇ ಎರಡು ಸಲ ಓದಿಸಿದಳು.

ಒಂದು ದಿನ ಮಾತ್ರ ಹಾರಿಸಲೇಬೇಕಾಯಿತು.
ನೂರ ಹನ್ನೊಂದರ ಕೊನೆಗೆ ನಾಯಕ ದೀಪ ಆರಿಸಿದ.
ನನ್ನ ಕಣ್ಣು ಆಚೆ ಪುಟಕ್ಕೆ ಹೋಗಿ ಕೆಂಪಾಗಿ ಬಂತು.
ವಾರಿಜನ ಅತ್ತೆ ಎದುರೇ ಕೂತಿದ್ದರು.
"ಮರುದಿನ ಬೆಳಿಗ್ಗೆ" ಎಂದು ನೂರ ಹದಿನಾಲ್ಕಕ್ಕೆ ಜಿಗಿದೆ.
ಯಾರೂ ಏನೂ ಅನ್ನಲಿಲ್ಲ, ದೇಯಕ್ಕನೂ.
ಐದು ಕತ್ತರಿ ಎಲೆ ಕತ್ತರಿಸುವುದು ಮಾತ್ರ ಕೇಳುತ್ತಿತ್ತು.

ಆ ವಾರ ಪುಸ್ತಕ ಜಗಲಿಯಲ್ಲಿ ನಿಲ್ಲಲಿಲ್ಲ.
ಮಗನ ಶಾಲೆಗೆ ಬೇಕಂತೆ ಎಂದಳು ವಾರಿಜ.
ರಟ್ಟು ಅಂಟಿಸಿ ಕೊಡುತ್ತೇನೆ, ಸಿಸಿಲಿಯಾ ಬಾಯಿ.
ರಟ್ಟು ಅಂದಿಗೇ ಇರಲಿಲ್ಲ.
ಬೀಫಾತುಮ್ಮ ನೆಪ ಹುಡುಕಲು ಹೋಗಲೇ ಇಲ್ಲ,
ಒದ್ದೆ ಎಲೆಯ ಅಡಿಯಲ್ಲಿ ಇಟ್ಟುಕೊಂಡು ಹೊರಟಳು.
ಶುಕ್ರವಾರ ಬಾವಿಕಟ್ಟೆಯಲ್ಲಿ ವಾರಿಜನ ಅತ್ತೆ
ಸೆರಗಿನ ಗಂಟು ಬಿಚ್ಚಿದರು:
"ಕನ್ನಡಕ ತಂದಿದ್ದೇನೆ."

ದೇಯಕ್ಕನಿಗೆ ನಾನೇ ಓದಿದೆ, ಒಲೆಯ ಪಕ್ಕ, ಪಿಸುದನಿಯಲ್ಲಿ.
ಪೂರ್ತಿ ಕೇಳಿದಳು. ಬೆಂಕಿ ಮುಂದೆ ಮಾಡಿದಳು.
"ಅಲ್ಲ, ದೀಪ ಆರಿದ ಮೇಲೆ
ಬರೆದವರಿಗೆ ಹೇಗೆ ಕಾಣಿಸಿತು ಇದೆಲ್ಲ?"

ಅದಕ್ಕೇ ನೋಡು, ಈ ಹಾಳೆಯೊಂದು ಕಂದು.
ಹೆಬ್ಬೆರಳಿನ ಮೇಲೆ ಹೆಬ್ಬೆರಳು. ಅಂಚಿನಲ್ಲಿ ನೀರಿನ ಕಲೆ,
ಅದು ಬೀಫಾತುಮ್ಮಳದ್ದು.
ಯಾರದ್ದು ಯಾವುದೆಂದು ಮೊದಲು ಹೇಳುತ್ತಿದ್ದೆ,
ಈಗ ನನಗೂ ಕನ್ನಡಕ.

ವಾಪಸಿಗೆ ಅವಸರವಿಲ್ಲ.
ನೀನು ಬಸ್ಸಿನಲ್ಲಿ ಓದುವವಳು, ಸ್ಟಾಪು ತಪ್ಪಿದರೆ ತಪ್ಪಲಿ.
ಹಾರಿಸಬೇಡ ಮಾತ್ರ.
ಬಾಗಿಲಿನಿಂದ ತೋಡಿನವರೆಗೆ ನಡೆದೇ ಹೋಗು.
ಬೇಲಿಯ ಮೇಲೆ ಆ ಸೀರೆ ಇರುತ್ತದೆ,
ಮುಟ್ಟಿ ನೋಡು, ಇನ್ನೂ ಹಸಿ.