ಗುಳ್ಳೆ

ಹದಿನೆಂಟು ಅಂಗುಲ. ಅಷ್ಟೇ,
ಹಿಲ್ಯಾ ಅತ್ತೆಯ ಅಡುಗೆಮನೆಗೂ
ಆಸ್ಟೋರಿಯಾದ ಒದ್ದೆ ಮಣ್ಣಿಗೂ ನಡುವೆ.
ಬೆನ್ನ ಮೇಲೆ ತೆವಳಿ ಒಳಹೊಕ್ಕೆ;
ತೊಲೆಯ ಮೊಳೆ ಮೂಗಿಗೆ, ಜೇಡನ ಬಲೆ ಬಾಯಿಗೆ,
ಹಣೆಯ ದೀಪ ಬಿದ್ದಷ್ಟೇ ಲೋಕ.

ಬೀಡುಕಬ್ಬಿಣದ ಹಳೆ ಪೈಪು,
ಗರಗಸ ಇಟ್ಟರೆ ನನ್ನ ಹಲ್ಲು ಜುಮ್ಮೆನ್ನುತ್ತದೆ.
ಕೊಯ್ದ ಬಾಯೊಳಗೆ ಐವತ್ತು ವರ್ಷದ ಜಿಡ್ಡು,
ಸಾಬೂನು, ಸಾಲ್ಮನ್ ಮೀನಿನ ಕೊಬ್ಬು,
ಕಿರುಬೆರಳು ತೂರುವಷ್ಟು ತೂತು.

"ಬಾಣಲೆ ತೊಳೆದು ತೊಳೆದು ನೀನೇ ಕಟ್ಟಿಸಿದ್ದು" ಎಂದು
ತೌನೊ ಮಾವ ಇದ್ದಷ್ಟು ಕಾಲ ಬೈದ,
ಊಟದ ಮೇಜಿನಲ್ಲಿ, ನೆಂಟರೆದುರು,
ಆಸ್ಪತ್ರೆಯ ಮಂಚದಿಂದಲೂ ಒಮ್ಮೆ.

ಉಳಿದ ತುಂಡಿನ ಮೇಲೆ ಸುಮ್ಮನೆ ರಸಮಟ್ಟ ಇಟ್ಟೆ.
ಗುಳ್ಳೆ ಓಡಿತು
ಹೊರಗೋಡೆಯ ಕಡೆಗೆ.
ತಿರುಗಿಸಿ ಇಟ್ಟೆ. ಮತ್ತೆ ಅಲ್ಲಿಗೇ.
ಅಡಿಗೆ ಕಾಲಂಗುಲ ಇಳಿಯಬೇಕಾದದ್ದು ಏರಿದೆ;
ಇಷ್ಟು ವರ್ಷ ಈ ಮನೆಯ ನೀರು
ಗುಡ್ಡ ಹತ್ತಿ ಹೋಗುತ್ತಿತ್ತು.
ಕೂಡಿಸಿದವನು ಅವನೇ. ಕೀಲಿನ ಸೀಸದ ಮೇಲೆ
ಮೊಳೆಯಿಂದ ಗೀಚಿದ ಹೆಸರು, ಇಸವಿ.

ನೆಲಹಲಗೆಗೆ ಬಾಯಿಟ್ಟು ಕೂಗಿ ಹೇಳಿದೆ.
ಮೇಲೆ ಚಪ್ಪಲಿಯ ಸದ್ದು ನಿಂತಿತು.
"ಗೊತ್ತು" ಎಂದಳು ಸಂದಿನಿಂದ,
"ಮೊದಲ ದಿನವೇ ನೀರು ನಿಂತಿತ್ತು.
ಎರಡು ಭಾನುವಾರ ಅಲ್ಲೇ ಬಿದ್ದಿದ್ದ,
ಮೊಣಕೈ ಸುಲಿದಿತ್ತು. ಹೇಗೆ ಹೇಳಲಿ?
ಹೇಳೋಣವೆನಿಸುವಷ್ಟರಲ್ಲಿ
ಬೈಯಲು ಶುರುಮಾಡಿದ್ದ."

ಬಿಳಿ ಪೈಪು ಜೋಡಿಸಿ,
ಗುಳ್ಳೆ ಈಚೆಗೆ ಬಂದ ಮೇಲೆ
ನಲ್ಲಿ ಬಿಡಲು ಹೇಳಿದೆ.
ಕಿವಿಯ ಪಕ್ಕದಲ್ಲೇ ನೀರು
ನಿಲ್ಲದೆ ಹೋಯಿತು.
ಬಾಣಲೆ ಉಜ್ಜುತ್ತಿದ್ದಳು ಅತ್ತೆ,
ಬೇಕಾದ್ದಕ್ಕಿಂತ ತುಸು ಜೋರಾಗಿ.